ಆಟ ಇಂಗ್ಲೆಂಡಿನದು, ಸಾಲ ಕಳಂಬೋಲಿಯದು

ಪ್ರತಿವರ್ಷ ಫೆಬ್ರವರಿಯಿಂದ ಮೇ ತಿಂಗಳವರೆಗೆ ಗುರುವಾರ ರಾತ್ರಿಗಳಲ್ಲಿ ‘ಪ್ರೀಮಿಯರ್ ಲೀಗ್ ಡಾರ್ಟ್ಸ್’ ನಡೆಯುತ್ತದೆ. ಹೆಚ್ಚಾಗಿ ಬ್ರಿಟನ್ನಿನ ನಗರಗಳಲ್ಲಿ, ಕೆಲವೊಮ್ಮೆ ಯುರೋಪಿನ ಬೇರೆ ಕಡೆ. ಗೋಡೆಯ ಮೇಲಿನ ದುಂಡು ಹಲಗೆಗೆ ಮೂರು ಮೂರು ಪುಟ್ಟ ಬಾಣ ಎಸೆದು, 501ರಿಂದ ಅಂಕ ಇಳಿಸುತ್ತ ಸರಿಯಾಗಿ ಸೊನ್ನೆಗೆ ಮುಟ್ಟಿಸುವ ಆಟವದು. 8 ಆಟಗಾರರು, ಒಂದೇ ರಾತ್ರಿ 7 ಪಂದ್ಯ. ಲ್ಯೂಕ್ ಲಿಟ್ಲರ್ ಎಂಬ ಹುಡುಗ 2024ರಲ್ಲಿ ಈ ಲೀಗ್ ಗೆದ್ದಾಗ ಅವನಿಗೆ ಬರೀ 17 ವರ್ಷ. ಆಟ ಚೆಂದವೇ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು, ಅಲ್ಲಿ ಸಂಜೆ ಪಂದ್ಯ ಶುರುವಾದಾಗ ಇಲ್ಲಿ ನಡುರಾತ್ರಿ ಮೊಬೈಲ್ ಹಿಡಿದು ಕೂರುವವರ ಬಗ್ಗೆ. ಕಳಂಬೋಲಿಯಲ್ಲಿ ಒಂದು ಸಾರಿಗೆ ಕಂಪನಿಯ ಲೆಕ್ಕ ವಿಭಾಗ ನೋಡಿಕೊಳ್ಳುವ ನನಗೆ ಇದು ಗೊತ್ತಾದದ್ದು ಸಂಬಳದ ಮುಂಗಡ ಕೇಳುವ ಅರ್ಜಿಗಳಿಂದ. ಉಕ್ಕಿನ ಪೇಟೆ, ಲಾರಿ ಟರ್ಮಿನಲ್, ತಳೋಜದ ಕಾರ್ಖಾನೆಗಳನ್ನು ನಂಬಿಕೊಂಡು ಊರು ಬಿಟ್ಟು ಬಂದ ಹುಡುಗರು ಇಲ್ಲಿ ಒಂದೊಂದು ರೂಮಿನಲ್ಲಿ ನಾಲ್ಕೈದು ಮಂದಿ ಇರುತ್ತಾರೆ. ಕೈಯಲ್ಲಿ ಸಂಬಳ, ಮುಂದೆ ಉದ್ದನೆಯ ರಾತ್ರಿ, ‘ಯಾಕೋ ಇನ್ನೂ ಮಲಗಿಲ್ಲ’ ಎಂದು ಕೇಳಲು ಮನೆಯ ಹಿರಿಯರಿಲ್ಲ. ಐಪಿಎಲ್‌ನಲ್ಲಿ ಶುರುವಾದ ಚಟ ಕ್ರಿಕೆಟ್ ಇಲ್ಲದ ದಿನಗಳಲ್ಲಿ ಟೇಬಲ್ ಟೆನಿಸ್‌ಗೆ, ಅಲ್ಲಿಂದ ಡಾರ್ಟ್ಸ್‌ಗೆ ಹೋಗುತ್ತದೆ. ಜೀವನದಲ್ಲಿ ಒಮ್ಮೆಯೂ ಆ ಬಾಣ ಮುಟ್ಟದವರು ಅದರ ಮೇಲೆ ದುಡ್ಡು ಕಟ್ಟುತ್ತಾರೆ.

ಗದಗ ಕಡೆಯ ಹುಡುಗನೊಬ್ಬ ಮೂರನೇ ಸಲ ಮುಂಗಡ ಕೇಳಿದಾಗ ಕೂರಿಸಿ ಮಾತನಾಡಿಸಿದೆ. ಸಾಲದ ಆ್ಯಪ್‌ಗಳಿಗೆ ಅವನು ಕಟ್ಟಬೇಕಾದದ್ದು ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಆದರೂ ಅವನ ಮಾತಿನಲ್ಲಿ ಅಳುಕಿರಲಿಲ್ಲ. ‘ಇದು ಜೂಜಲ್ರೀ ಸರ್, ಲೆಕ್ಕದ ಆಟ ಐತಿ. ಯಾರ ಸರಾಸರಿ ಎಷ್ಟು, ಯಾರು ಎಷ್ಟು ಸಲ 180 ಹೊಡೀತಾರ, ಎಲ್ಲಾ ನನ್ನ ಕಡೆ ಬರದ್ ಇಟ್ಟೀನ್ರಿ’ ಎಂದ. ಓದಿದ ಹುಡುಗ, ಎಕ್ಸೆಲ್ ಚೆನ್ನಾಗಿ ಬಲ್ಲವನು. ಜಾಣತನ ಇರುವವರನ್ನೇ ಈ ವ್ಯವಹಾರ ಹೆಚ್ಚು ಸುಲಭವಾಗಿ ಹಿಡಿಯುತ್ತದೆ ಎಂದು ನನಗೆ ಅನ್ನಿಸಿದ್ದು ಆಗ.

ಲೆಕ್ಕದ ಆಟ ಎಂದಮೇಲೆ ಲೆಕ್ಕವನ್ನೇ ನೋಡೋಣ. ಇಬ್ಬರು ಸಮಬಲದ ಆಟಗಾರರಿದ್ದಾರೆ ಎನ್ನಿ. ಬೆಟ್ಟಿಂಗ್ ಕಂಪನಿ ಇಬ್ಬರಿಗೂ 1.90 ದರ ಇಡುತ್ತದೆ. ಒಬ್ಬನ ಮೇಲೆ 100 ರೂಪಾಯಿ, ಇನ್ನೊಬ್ಬನ ಮೇಲೆ 100 ರೂಪಾಯಿ ಬಂದರೆ ಒಟ್ಟು 200. ಯಾರೇ ಗೆಲ್ಲಲಿ, ಕಂಪನಿ ಕೊಡುವುದು 190. ಉಳಿದ 10 ರೂಪಾಯಿ ಅದರದ್ದು, ಅಂದರೆ ಶೇ 5. ಒಂದು ಗುರುವಾರ 7 ಪಂದ್ಯದಂತೆ ಮೂರು ಗುರುವಾರ 21 ಸಲ ಅದೇ ಹಣವನ್ನು ತಿರುತಿರುಗಿ ಕಟ್ಟಿದರೆ, 10,000 ರೂಪಾಯಿ ಸರಾಸರಿ ಲೆಕ್ಕದಲ್ಲಿ ಸುಮಾರು 3,406ಕ್ಕೆ ಇಳಿಯುತ್ತದೆ. ಹುಡುಗ ಬರೆದಿಟ್ಟ ಸರಾಸರಿಗಳು ಸುಳ್ಳಲ್ಲ. ಆದರೆ ಅವೇ ಸರಾಸರಿಗಳನ್ನು, ಅವನಿಗಿಂತ ಹೆಚ್ಚಿನ ಮಾಹಿತಿಯನ್ನು ಇಟ್ಟುಕೊಂಡೇ ಕಂಪನಿ ದರ ನಿಗದಿ ಮಾಡಿರುತ್ತದೆ. ನಮ್ಮ ಉಕ್ಕಿನ ಪೇಟೆಯಲ್ಲಿ ತೂಕದ ಕಾಟಾ 100 ಕಿಲೋಗೆ 95 ತೋರಿಸಿದರೆ ಯಾವ ವ್ಯಾಪಾರಿಯೂ ಎರಡನೇ ಸಲ ಅಲ್ಲಿ ಲಾರಿ ಹತ್ತಿಸುವುದಿಲ್ಲ. ಮೊಬೈಲಿನ ಕಾಟಾದ ಮೇಲೆ ಮಾತ್ರ ರಾತ್ರಿಯಿಡೀ ಹತ್ತಿಸುತ್ತೇವೆ.

ಎರಡನೆಯ ಸಂಗತಿ, ಆಟದ ಶುದ್ಧತೆ. ಪ್ರೀಮಿಯರ್ ಲೀಗ್ ಡಾರ್ಟ್ಸ್‌ನ ಹೆಸರಿಗೇ 2024ರಿಂದ ಒಂದು ಬೆಟ್ಟಿಂಗ್ ಕಂಪನಿಯ ಹೆಸರು ಅಂಟಿಕೊಂಡಿದೆ. ಆ ದೊಡ್ಡ ಲೀಗಿಗೆ ಕ್ಯಾಮೆರಾ ಇದೆ, ಪ್ರೇಕ್ಷಕರಿದ್ದಾರೆ, ದೊಡ್ಡ ಬಹುಮಾನವಿದೆ. ಆದರೆ ಅದರ ಕೆಳಗೆ ಹಗಲಿರುಳು ನಡೆಯುವ ಸಣ್ಣ ಸಣ್ಣ ಲೀಗ್‌ಗಳಿವೆ. 2020ರಲ್ಲಿ ಕೊರೊನಾದಿಂದ ಎಲ್ಲ ಆಟ ನಿಂತಾಗ ಡಾರ್ಟ್ಸ್ ಆಟಗಾರರು ತಮ್ಮ ಮನೆಗಳಿಂದಲೇ ವೆಬ್‌ಕ್ಯಾಮ್ ಮುಂದೆ ಆಡಿದರು, ಅದರ ಮೇಲೂ ಬೆಟ್ಟಿಂಗ್ ನಡೆಯಿತು. ಆ ವರ್ಷದ ಸಣ್ಣ ಪಂದ್ಯಗಳಲ್ಲಿ ಫಿಕ್ಸಿಂಗ್ ಮಾಡಿದ್ದಕ್ಕಾಗಿ ಇಬ್ಬರು ಆಟಗಾರರನ್ನು ಡಾರ್ಟ್ಸ್ ರೆಗ್ಯುಲೇಶನ್ ಅಥಾರಿಟಿ ವರ್ಷಗಟ್ಟಲೆ ನಿಷೇಧಿಸಿತು. ಆಟಗಾರನಿಗೆ ಸಿಗುವ ಹಣ ಕಡಿಮೆ, ಅವನ ಮೇಲೆ ಕಟ್ಟುವ ಹಣ ಹೆಚ್ಚು ಆದಾಗ ಹೀಗಾಗದೆ ಇನ್ನೇನಾದೀತು?

ಇದು ಪರದೇಶದ ಕಥೆ ಎನ್ನಬೇಡಿ. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ನಡೆದಿದೆ ಎಂದು 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಒಂದು ತಂಡದ ಮಾಲೀಕರನ್ನೂ ಕೆಲವು ಆಟಗಾರರನ್ನೂ ಬಂಧಿಸಿದ್ದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ದಂಡ ಸಂಹಿತೆಯ 420ನೇ ಕಲಮಿನ ವಂಚನೆ ಆಗುವುದಿಲ್ಲ, ಶಿಸ್ತುಕ್ರಮ ಬೇಕಿದ್ದರೆ ಬಿಸಿಸಿಐ ಕೈಗೊಳ್ಳಬಹುದು ಎಂದು ಹೇಳಿ ಅರ್ಜಿದಾರರ ಮೇಲಿನ ಪ್ರಕರಣ ರದ್ದುಪಡಿಸಿತು. ತೀರ್ಪಿನ ಸರಿತಪ್ಪು ವಕೀಲರಿಗೆ ಬಿಟ್ಟದ್ದು. ದುಡ್ಡು ಕಟ್ಟುವವರು ಅದರಿಂದ ತಿಳಿಯಬೇಕಾದದ್ದು ಇಷ್ಟೇ: ನಮ್ಮೂರಿನ ಲೀಗಿನಲ್ಲಿ ಮೋಸ ನಡೆದರೂ ನ್ಯಾಯ ಸಿಗುವುದು ಇಷ್ಟು ಕಷ್ಟವಾದರೆ, ಹೆಸರು ಕೇಳದ ದೇಶದ ಲೀಗಿನ ಮೋಸಕ್ಕೆ ಯಾರನ್ನು ಕೇಳುತ್ತೀರಿ?

ಮುಂಬಯಿಗೂ ಕರ್ನಾಟಕಕ್ಕೂ ಜೂಜಿನ ನಂಟು ಹಳೆಯದು. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರ ಟೆಲಿಪ್ರಿಂಟರ್‌ನಲ್ಲಿ ಇಲ್ಲಿಗೆ ಬರುತ್ತಿತ್ತು, ಅದರ ಮೇಲೆ ಜನ ಹಣ ಕಟ್ಟುತ್ತಿದ್ದರು. ಅದು ನಿಂತಮೇಲೆ 1962ರಲ್ಲಿ ಕಲ್ಯಾಣ್‌ಜೀ ಭಗತ್ ವರ್ಲಿಯಲ್ಲಿ ಮಟ್ಕಾ ಶುರುಮಾಡಿದ. ಅದರ ‘ಓಪನ್’ ಮತ್ತು ‘ಕ್ಲೋಸ್’ ನಮ್ಮ ಹಳ್ಳಿಗಳಿಗೆ ‘ಓಸಿ’ ಆಗಿ ಬಂತು. ಓಸಿ ಚೀಟಿಯಲ್ಲಿ ಮನೆ ಕಳೆದುಕೊಂಡವರ ಕಥೆ ಉತ್ತರ ಕರ್ನಾಟಕದ ಯಾವ ಊರಲ್ಲಿ ಕೇಳಿದರೂ ಸಿಗುತ್ತದೆ. ಆದರೆ ಓಸಿ ಬರೆಯುವವನು ಪಾನ್ ಅಂಗಡಿಯ ಮಗ್ಗುಲಲ್ಲಿ ನಿಂತಿರುತ್ತಿದ್ದ. ಅಲ್ಲಿಗೆ ಹೋಗುವುದನ್ನು ಊರು ನೋಡುತ್ತಿತ್ತು, ಆ ನಾಚಿಕೆಯೇ ಹಲವರನ್ನು ತಡೆಯುತ್ತಿತ್ತು. ಇಂದಿನ ಬುಕ್ಕಿ ದಿಂಬಿನ ಪಕ್ಕದಲ್ಲೇ ಮಲಗಿದ್ದಾನೆ.

ಕಾನೂನು ಸುಮ್ಮನಿಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳನ್ನೂ ಜೂಜಿಗೆ ಸೇರಿಸಲಾಗದು ಎಂದು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೇ ಕಾನೂನು ಮಾಡಿತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟುವ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ.

ನಿಷೇಧಿಸಿದರೆ ವ್ಯವಹಾರ ಕದ್ದುಮುಚ್ಚಿ ನಡೆಯುತ್ತದೆ, ಬ್ರಿಟನ್ನಿನಂತೆ ಪರವಾನಗಿ ಕೊಟ್ಟು ತೆರಿಗೆ ಹಾಕುವುದೇ ಲೇಸು ಎನ್ನುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ವಿದೇಶದಿಂದ ನಡೆಯುವ ಆ್ಯಪ್‌ಗಳು ಒಂದು ಹೆಸರು ಮುಚ್ಚಿದರೆ ಇನ್ನೊಂದು ಹೆಸರಿನಲ್ಲಿ ಬರುತ್ತಲೇ ಇವೆ. ಹಣ ಸಾಗಿಸಲು ಇಂಥ ಹುಡುಗರ ಬ್ಯಾಂಕ್ ಖಾತೆಗಳನ್ನೇ ಕಮಿಷನ್ ಆಸೆ ತೋರಿಸಿ ಬಾಡಿಗೆಗೆ ಪಡೆಯುತ್ತಾರೆ. ಪೊಲೀಸರು ಖಾತೆ ತಡೆಹಿಡಿದ ದಿನ ಸಂಬಳವೂ ಅದರಲ್ಲೇ ಸಿಕ್ಕಿಬೀಳುತ್ತದೆ. ಆದರೂ ನಾನು ನಿಷೇಧದ ಪರ. ಪರವಾನಗಿ ಕೊಟ್ಟರೆ ಶೇ 5ರ ಆ ಕಡಿತ ಹೋಗುವುದಿಲ್ಲ, ಅದರಲ್ಲಿ ಸರ್ಕಾರವೂ ಪಾಲುದಾರ ಆಗುತ್ತದೆ ಅಷ್ಟೆ.

ಕಾನೂನು ಅಂಗಡಿ ಮುಚ್ಚಿಸಬಹುದು. ಸಾಲದಲ್ಲಿ ಬಿದ್ದವನನ್ನು ಎತ್ತುವ ಕೆಲಸ ನಮ್ಮದು. ಮುಂಬಯಿ, ನವಿ ಮುಂಬಯಿ, ಠಾಣೆ, ಡೊಂಬಿವಿಲಿಗಳಲ್ಲಿ ನಮ್ಮ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ರಾಜ್ಯೋತ್ಸವ, ಯಕ್ಷಗಾನ, ವಿದ್ಯಾರ್ಥಿವೇತನ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತೇವೆ. ಅದೇ ಸಂಘಗಳು ತಿಂಗಳಿಗೊಂದು ಭಾನುವಾರ, ಒಬ್ಬ ವಕೀಲರು, ಒಬ್ಬ ಲೆಕ್ಕಪರಿಶೋಧಕರು, ಒಬ್ಬ ವೈದ್ಯರನ್ನು ಕೂರಿಸಿ, ಹೆಸರು ಕೇಳದೆ ಸಾಲದ ಮಾತು ಆಲಿಸಿದರೆ ಸಾಕು. ಮಾಲೀಕರು ಮುಂಗಡ ಕೇಳಿದವನನ್ನು ಬೈದು ಕಳಿಸುವ ಮೊದಲು ‘ಯಾಕೆ ಬೇಕು’ ಎಂದು ಒಮ್ಮೆ ಕೇಳಲಿ. ಮನಸ್ಸು ಕುಸಿದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆನ್‌ಲೈನ್ ಹಣ ವಂಚನೆಗೆ 1930 ಇದೆ. ಈ ಎರಡು ಸಂಖ್ಯೆಗಳನ್ನು ಪ್ರತಿ ಸಂಘದ, ಪ್ರತಿ ಮೆಸ್‌ನ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು?

ಊರಲ್ಲಿರುವ ತಂದೆ ತಾಯಿಗೂ ಒಂದು ಮಾತು. ಮಗ ಎರಡು ತಿಂಗಳು ಹಣ ಕಳಿಸದಿದ್ದರೆ ‘ಅಲ್ಲಿ ಯಾವುದೋ ಹುಡುಗಿ’ ಎಂದು ಸಂಶಯಪಡುವ ಮೊದಲು, ‘ಸಾಲ ಏನಾದ್ರೂ ಆಗೇತೇನಪ್ಪಾ?’ ಎಂದು ಸಮಾಧಾನದಿಂದ ಕೇಳಿ. ಸೋತ ಹಣ ಮರಳಿ ಬರುವುದಿಲ್ಲ. ಆದರೆ ಸೋತದ್ದನ್ನು ಮನೆಯಲ್ಲಿ ಹೇಳಿಕೊಂಡವನು ಅದನ್ನು ಗೆದ್ದು ತೀರಿಸುತ್ತೇನೆಂದು ಮುಂದಿನ ಗುರುವಾರ ಮತ್ತೆ ಹಣ ಕಟ್ಟುವುದಿಲ್ಲ.