ನೆಲವೂ ಡೊಂಕಿರಬಹುದಲ್ಲ!

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆ ನಮ್ಮ ರೂಮಿನಲ್ಲಿ ರೇಸ್ ಇರುವ ಪ್ರತಿ ಭಾನುವಾರವೂ ಒಮ್ಮೆ ಬಂದೇ ಬರುತ್ತದೆ. ಚಾಮರಾಜನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾಲ್ವರು ನಾವು. ಸಂಜೆ ಪುಸ್ತಕ ಮಡಚಿಟ್ಟು, ಒಂದೇ ಮೊಬೈಲನ್ನು ಸ್ಟೀಲ್ ಲೋಟಕ್ಕೆ ಒರಗಿಸಿಕೊಂಡು ಫಾರ್ಮುಲಾ ಒನ್ ನೋಡುತ್ತೇವೆ. ಹಿಂದೆ ಬಿದ್ದ ಚಾಲಕ ಟೈರ್ ಹಿಡಿಯುತ್ತಿಲ್ಲ, ಬ್ರೇಕ್ ಸರಿಯಿಲ್ಲ ಎಂದು ರೇಡಿಯೊದಲ್ಲಿ ಗೊಣಗಿದ ಕೂಡಲೇ ಯಾರಾದರೊಬ್ಬರು ಗಾದೆ ಎಸೆಯುತ್ತಾರೆ. ಅಲ್ಲಿಗೆ ಜಗಳ ಶುರು. ಗೆಲ್ಲುವುದು ಚಾಲಕನೋ, ಕಾರೋ?

ಮೊನ್ನೆ ಈ ಜಗಳದ ಹೊತ್ತಿಗೆ ಗುಂಡ್ಲುಪೇಟೆಯಿಂದ ನಮ್ಮ ದೊಡ್ಡಪ್ಪನ ಮಗ ಬಂದಿದ್ದ. ಪಿಕಪ್‌ನಲ್ಲಿ ತರಕಾರಿ ತುಂಬಿಕೊಂಡು ಬಂಡೀಪುರದ ಮೇಲೆ ಕೇರಳಕ್ಕೆ ಹೋಗಿಬರುವವನು. ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಂಡವನು, ‘ಗಾಡಿನೇ ಇಲ್ದವ್ನು ಎಂಥಾ ಡ್ರೈವರ್‌ಲಾ?’ ಅಂದ. ನಾವು ನಕ್ಕೆವು. ಅವನು ಕಾರಿನ ಪರ ಮಾತಾಡಿದ ಎಂದೇ ತಿಳಿದೆವು. ರಾತ್ರಿ ಮಲಗಿದ ಮೇಲೆ ಅವನು ಬೇರೇನನ್ನೋ ಹೇಳಿದ ಹಾಗೆ ನನಗನ್ನಿಸಿತು.

ಚಾಲಕ ಮುಖ್ಯವೋ ಕಾರು ಮುಖ್ಯವೋ ಎಂಬುದಕ್ಕೆ ಸಾಕ್ಷಿ ಬೇಕಾದರೆ ಒಂದೇ ರೇಸ್ ನೋಡಿದರೆ ಸಾಕು. 2009ರ ಆಗಸ್ಟ್ 30, ಬೆಲ್ಜಿಯಂನ ಸ್ಪಾ. ಆಗ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ ಎರಡನೇ ಸೀಸನ್‌ನಲ್ಲಿತ್ತು. ಅಲ್ಲಿಯವರೆಗೆ ಅದರ ಖಾತೆಯಲ್ಲಿ ಒಂದೇ ಒಂದು ಅಂಕವಿರಲಿಲ್ಲ. ಆ ವಾರ ಅದರ ಚಾಲಕ, ಇಟಲಿಯ ಜಿಯಾಂಕಾರ್ಲೊ ಫಿಸಿಕೆಲ್ಲ, ಎಲ್ಲರಿಗಿಂತ ವೇಗದ ಲ್ಯಾಪ್ ಹಾಕಿ ಮೊದಲ ಸ್ಥಾನದಿಂದ ರೇಸ್ ಆರಂಭಿಸಿದ. ಕೊನೆಗೆ ಎರಡನೆಯವನಾದ, ಗೆದ್ದ ಫೆರಾರಿಗೂ ಅವನಿಗೂ ನಡುವೆ ಒಂದು ಸೆಕೆಂಡೂ ಇರಲಿಲ್ಲ. ಸ್ಪಾದಲ್ಲಿ ಉದ್ದುದ್ದ ನೇರ ರಸ್ತೆಗಳಿವೆ. ಗಾಳಿಯನ್ನು ಸುಲಭವಾಗಿ ಸೀಳುವ ಆ ಕಾರಿಗೆ ಅದು ಹೇಳಿ ಮಾಡಿಸಿದ ಜಾಗ. ಮುಂದಿನ ರೇಸ್ ನಡೆದ ಇಟಲಿಯ ಮೊಂಜಾ ಕೂಡ ಅಂಥದ್ದೇ; ಅಲ್ಲಿ ಅದೇ ತಂಡದ ಇನ್ನೊಬ್ಬ ಚಾಲಕ ಏಡ್ರಿಯನ್ ಸುಟಿಲ್ ನಾಲ್ಕನೆಯವನಾದ. ‘ನೋಡಿದಿರಾ, ಕಾರು!’ ಅನ್ನಬಹುದು.

ಆದರೆ ಸ್ಪಾ ಫಲಿತಾಂಶ ಪಟ್ಟಿಯ ಎರಡು ತುದಿಗಳನ್ನು ಗಮನಿಸಿ. ಮೊದಲನೆಯವನು ಕಿಮಿ ರೈಕೊನೆನ್, ಫೆರಾರಿ. ರೇಸ್ ಮುಗಿಸಿದವರಲ್ಲಿ ಕೊನೆಯವನು ಲೂಕಾ ಬಡೋಯರ್, ಅದೂ ಫೆರಾರಿ. ಒಂದೇ ಗ್ಯಾರೇಜಿನ ಎರಡು ಕಾರು, ಒಂದು ತುದಿಗೆ ಒಂದು, ಇನ್ನೊಂದು ತುದಿಗೆ ಇನ್ನೊಂದು. ಹಾಗಾದರೆ ಚಾಲಕನೇ ಮುಖ್ಯ ಅಲ್ಲವೇ? ಅಷ್ಟು ಸುಲಭವಿಲ್ಲ. ಫೆಲಿಪೆ ಮಾಸಾ ಹಂಗೇರಿಯಲ್ಲಿ ಪೆಟ್ಟು ಮಾಡಿಕೊಂಡಿದ್ದರಿಂದ ಬಡೋಯರ್‌ನನ್ನು ಕರೆತಂದು ಕೂರಿಸಿದ್ದರು. ಅವನು ಫೆರಾರಿಯ ಪರೀಕ್ಷಾ ಚಾಲಕ. 1999ರ ನಂತರ ಒಂದೂ ಫಾರ್ಮುಲಾ ಒನ್ ರೇಸ್ ಓಡಿಸಿರಲಿಲ್ಲ. ಹತ್ತು ವರ್ಷದ ‘ಗ್ಯಾಪ್’. ಸಂದರ್ಶನಗಳಲ್ಲಿ ಈ ಪದದ ಮುಂದೆ ತಲೆತಗ್ಗಿಸಿದವರಿಗೆ ಅವನ ಸಂಕಟ ಅರ್ಥವಾಗುತ್ತದೆ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಬಡೋಯರ್‌ನನ್ನು ಇಳಿಸಿ, ಸ್ಪಾದಲ್ಲಿ ಮಿಂಚಿದ ಫಿಸಿಕೆಲ್ಲನನ್ನೇ ಫೆರಾರಿ ಕರೆಸಿಕೊಂಡಿತು. ಇಟಲಿಯವನಿಗೆ ಫೆರಾರಿ ಅಂದರೆ ಕೇಳಬೇಕೇ! ಐದು ರೇಸ್ ಓಡಿಸಿದ. ಒಂದೂ ಅಂಕ ಬರಲಿಲ್ಲ. ದುರ್ಬಲ ಕಾರಿನಲ್ಲಿ ಎರಡನೆಯವನಾದ ಮನುಷ್ಯ, ಗೆದ್ದ ಕಾರಿಗೆ ಹತ್ತಿದ ಮೇಲೆ ಮೊದಲ ಎಂಟರೊಳಗೂ ಬರಲಿಲ್ಲ. ಅವನ ಕೈಚಳಕ ಎರಡು ವಾರದಲ್ಲಿ ಎಲ್ಲಿಗೂ ಹೋಗಿರಲಿಲ್ಲ. ಒಂದು ಕಾರಿಗೆ ಪಳಗಿದ ಕೈಕಾಲು ಇನ್ನೊಂದಕ್ಕೆ ಒಗ್ಗಲು ದಿನ ಬೇಕು. ಸೀಸನ್ ನಡುವೆ ಆ ದಿನಗಳನ್ನು ಯಾರೂ ಕೊಡುವುದಿಲ್ಲ.

ಇಲ್ಲಿಂದ ನನಗೆ ಹೊಳೆದದ್ದು ಇಷ್ಟು: ಪಟ್ಟಿಯಲ್ಲಿನ ಸ್ಥಾನ ನೋಡಿ ಚಾಲಕನನ್ನು ಅಳೆಯುವುದು ತಪ್ಪು. ಅವನಿಗೆ ಕೊಟ್ಟ ಕಾರನ್ನೇ ಪಡೆದ ಇನ್ನೊಬ್ಬನ ಪಕ್ಕದಲ್ಲಿಟ್ಟು ಅಳೆಯಬೇಕು. ಅಂದರೆ ಟೀಂಮೇಟ್. ಮೊದಲು ಸೋಲಿಸಬೇಕಾದದ್ದು ಟೀಂಮೇಟನ್ನು ಎಂದು ಆ ಆಟದವರೇ ಹೇಳುತ್ತಾರೆ.

ನಮ್ಮ ನಾರಾಯಣ್ ಕಾರ್ತಿಕೇಯನ್ ಅವರನ್ನೇ ತೆಗೆದುಕೊಳ್ಳಿ. 2005ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಾಲ್ಕನೇ ಸ್ಥಾನ, ಐದು ಅಂಕ. ಸಾಮಾನ್ಯ ಜ್ಞಾನದ ಗೈಡುಗಳಿಗೆ ಇಷ್ಟು ಸಾಕು. ಆದರೆ ಆ ದಿನ ಮಿಶೆಲಿನ್ ಟೈರ್ ಸುರಕ್ಷಿತವಲ್ಲ ಎಂದು 14 ಕಾರುಗಳು ರೇಸ್ ಆರಂಭಕ್ಕೆ ಮೊದಲೇ ಒಳಗೆ ಹೋಗಿಬಿಟ್ಟವು. ಓಡಿದ್ದು ಆರೇ ಕಾರು. ಮೂರನೆಯವನು ಅದೇ ಜೋರ್ಡಾನ್ ತಂಡದ ಟಿಯಾಗೊ ಮೊಂಟೆರೊ. ಇನ್ನು ಎಚ್‌ಆರ್‌ಟಿ ಎಂಬ ಬಡ ತಂಡದಲ್ಲಿದ್ದಾಗ, 2011 ಮತ್ತು 2012ರ ಎರಡೂ ವರ್ಷ, ಆಸ್ಟ್ರೇಲಿಯಾದಲ್ಲಿ ಅವರಿಗೆ ರೇಸ್‌ಗಿಳಿಯಲೂ ಆಗಲಿಲ್ಲ. ಅರ್ಹತಾ ಸುತ್ತಿನ ಅತಿ ವೇಗದ ಸಮಯದ 107 ಶೇಕಡಾದೊಳಗೆ ಲ್ಯಾಪ್ ಮುಗಿಸಬೇಕೆಂಬ ನಿಯಮ ಅಡ್ಡ ಬಂತು. ಎರಡು ವರ್ಷವೂ ಅವರ ಟೀಂಮೇಟ್‌ಗಳೂ ಹೊರಗೇ ಉಳಿದರು. ಆಗ ನೆಲ ನಿಜಕ್ಕೂ ಡೊಂಕಿತ್ತು. ಇಂಡಿಯಾನಾಪೊಲಿಸ್‌ನ ನಾಲ್ಕನೇ ಸ್ಥಾನಕ್ಕಿಂತ ಆಸ್ಟ್ರೇಲಿಯಾದ ಸೋಲೇ ಹೆಚ್ಚು ಎನ್ನಲಾರೆ. ಆದರೆ ಮೊದಲನೆಯದಕ್ಕೆ ಬಹುಪರಾಕ್ ಹೇಳಿ ಎರಡನೆಯದಕ್ಕೆ ನಕ್ಕವರಿಗೆ ಲೆಕ್ಕ ಬರುವುದಿಲ್ಲ ಎಂದು ಧಾರಾಳವಾಗಿ ಹೇಳುತ್ತೇನೆ.

ಲೆಕ್ಕ ಎಷ್ಟು ಬೇಗ ತಲೆಕೆಳಗಾಗಬಹುದು ಎಂಬುದು 2020ರ ಡಿಸೆಂಬರ್‌ನಲ್ಲಿ ಬಹ್ರೇನ್‌ನಲ್ಲಿ ಕಂಡಿತು. ಲೂಯಿಸ್ ಹ್ಯಾಮಿಲ್ಟನ್‌ಗೆ ಕೊರೊನಾ ಬಂತು. ಅವರ ಮರ್ಸಿಡಿಸ್‌ಗೆ ಒಂದೇ ರೇಸ್ ಮಟ್ಟಿಗೆ ಜಾರ್ಜ್ ರಸೆಲ್ ಎಂಬ 22ರ ಹುಡುಗನನ್ನು ಕೂರಿಸಿದರು. ಹಿಂಬದಿಯ ವಿಲಿಯಮ್ಸ್ ತಂಡದಲ್ಲಿ ಎರಡು ಸೀಸನ್ ಒದ್ದಾಡಿ ಒಂದೂ ಅಂಕ ಪಡೆಯದವನು. ಕಾರಿನೊಳಗೆ ಕಾಲಿಡಲು ಜಾಗ ಸಾಲದೆ ಒಂದು ಸೈಜ್ ಚಿಕ್ಕ ಶೂ ಹಾಕಿಕೊಂಡ. ಅರ್ಹತಾ ಸುತ್ತಿನಲ್ಲಿ, ನಾಲ್ಕು ವರ್ಷದಿಂದ ಅದೇ ತಂಡದಲ್ಲಿದ್ದ ಬೊಟಾಸ್‌ಗಿಂತ ಅವನು ಹಿಂದೆ ಬಿದ್ದದ್ದು 0.026 ಸೆಕೆಂಡ್. ರೇಸ್‌ನ ಮೊದಲ ತಿರುವಿನಲ್ಲೇ ಮುಂದೆ ಹೋದ. ತಂಡದವರು ಅವನ ಕಾರಿಗೆ ಬೊಟಾಸ್‌ನ ಟೈರ್ ಹಾಕಿ ಎಡವಟ್ಟು ಮಾಡದೆ, ಆಮೇಲೆ ಪಂಕ್ಚರ್ ಆಗದೆ ಇದ್ದಿದ್ದರೆ ಬಹುಶಃ ಗೆಲ್ಲುತ್ತಿದ್ದ. ಕೊನೆಗೆ ಸಿಕ್ಕಿದ್ದು ಒಂಬತ್ತನೇ ಸ್ಥಾನ. ಆದರೂ ಆ ಭಾನುವಾರದ ನಂತರ ಅವನನ್ನು ಕೆಲಸಕ್ಕೆ ಬಾರದವನು ಎಂದು ಯಾರೂ ಅನ್ನಲಿಲ್ಲ.

ಆ ರೇಸ್ ಗೆದ್ದವನು ಸರ್ಜಿಯೊ ಪೆರೆಜ್. ಮೊದಲ ಲ್ಯಾಪ್‌ನಲ್ಲಿ ಡಿಕ್ಕಿಯಾಗಿ ಕೊನೆಯ ಸ್ಥಾನಕ್ಕೆ ಬಿದ್ದು, ಅಲ್ಲಿಂದ ಎದ್ದು ಬಂದ ಮೊದಲ ಗೆಲುವು. ಅವನ ರೇಸಿಂಗ್ ಪಾಯಿಂಟ್ ತಂಡ ಹಳೆಯ ಫೋರ್ಸ್ ಇಂಡಿಯಾದ್ದೇ ಮುಂದುವರಿಕೆ. ಮರುವರ್ಷಕ್ಕೆ ನೀನು ಬೇಡ ಎಂದು ತಂಡ ಆಗಲೇ ಹೇಳಿತ್ತು. ಗೆದ್ದ ದಿನ ಅವನ ಕೈಯಲ್ಲಿ ಮುಂದಿನ ಕೆಲಸವಿರಲಿಲ್ಲ. ರೆಡ್ ಬುಲ್ ಕರೆಯಿತು. ಅದೇ ಪೆರೆಜ್ 2024ರಲ್ಲಿ ಗಳಿಸಿದ್ದು 152 ಅಂಕ. ಅದೇ ತಂಡದ ಮ್ಯಾಕ್ಸ್ ವರ್ಸ್ಟಾಪನ್ 437 ಅಂಕ ಗಳಿಸಿ ವಿಶ್ವ ಚಾಂಪಿಯನ್ ಆದ. ಆದರೆ ತಂಡಗಳ ಪಟ್ಟಿಯಲ್ಲಿ ರೆಡ್ ಬುಲ್ ಮೂರನೆಯದು. ಕಾರಿನ ಪರ ವಾದಿಸುವ ನಮ್ಮ ರೂಮಿನ ಗೆಳೆಯ ಈ ಸಂಖ್ಯೆಗಳ ಮುಂದೆ ಸುಮ್ಮನಾಗುತ್ತಾನೆ. ಸುಮ್ಮನಾಗಲೇಬೇಕು.

ಎಲ್ಲರಿಗೂ ಒಂದೇ ಕಾರು ಕೊಟ್ಟು ಓಡಿಸುವ ರೇಸ್‌ಗಳೂ ಇವೆ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಗೆದ್ದ ಫಾರ್ಮುಲಾ 2 ಅಂಥದ್ದು. ಚಾಸಿಯೂ ಎಂಜಿನ್ನೂ ಎಲ್ಲರಿಗೂ ಒಂದೇ. ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಚಾಮರಾಜನಗರದಿಂದ ಹಾಸನೂರಿನ ಮೇಲೆ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹೋಗಬೇಕು. ಅಲ್ಲಿನ ಕರಿವರ್ಧನ್ ಎಂಬುವರು 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಕೂರಿಸಿ ಕಡಿಮೆ ಖರ್ಚಿನ ಒಂಟಿ ಸೀಟಿನ ರೇಸ್ ಕಾರು ಮಾಡಿದರು. ಫಾರ್ಮುಲಾ ಮಾರುತಿ ಎಂದು ಅದರ ಹೆಸರು. ಕಾರ್ತಿಕೇಯನ್ ಮೊದಲು ರೇಸ್ ಓಡಿಸಿದ್ದು ಅದರಲ್ಲೇ. ಊರ ಹೊರಗಿನ ಚೆಟ್ಟಿಪಾಳ್ಯದ ಟ್ರ್ಯಾಕ್‌ಗೆ ಇಂದು ಕರಿವರ್ಧನ್ ಹೆಸರೇ ಇದೆ. ಭಾರತದಲ್ಲಿ ಫಾರ್ಮುಲಾ ಒನ್ ಟ್ರ್ಯಾಕ್ ಕಟ್ಟಿದ್ದಕ್ಕಿಂತ ಇದು ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ. ಯಾಕೆಂದರೆ ಅಗ್ಗದ, ಒಂದೇ ಬಗೆಯ ಕಾರು ಇದ್ದಾಗ ಮಾತ್ರ ಯಾರ ಕೈ ಹೇಗಿದೆ ಎಂದು ಗೊತ್ತಾಗುವುದು. ಆದರೂ ಕಾರ್ತಿಕೇಯನ್ ಅವರ ತಂದೆ ಸ್ವತಃ ರ‍್ಯಾಲಿ ಚಾಲಕ. ಈಗಿನ ಫಾರ್ಮುಲಾ ಒನ್ ಚಾಲಕರು ಬಹುತೇಕ ಎಲ್ಲರೂ ಚಿಕ್ಕ ವಯಸ್ಸಿಗೇ ಗೋ-ಕಾರ್ಟ್ ಹತ್ತಿದವರು. ಆ ವಯಸ್ಸಿನಲ್ಲಿ ನಾವು ತೆರಕಣಾಂಬಿ ಸಂತೆಯಲ್ಲಿ ಅಪ್ಪನ ಬೆರಳು ಹಿಡಿದಿದ್ದೆವು.

ಇದನ್ನೆಲ್ಲ ಹೇಳುವಾಗ ನನ್ನ ಮನಸ್ಸಿನಲ್ಲಿ ನಮ್ಮ ಪರೀಕ್ಷೆಗಳೂ ಇದ್ದವು, ಬಚ್ಚಿಡುವುದೇಕೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಅಂದರೆ ಟ್ರ್ಯಾಕ್ ಒಂದೇ. ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಕೋಚಿಂಗ್‌ಗೆ ಹೋಗುವವನಿಗೂ, ಹೊಲದ ಕೆಲಸ ಮುಗಿಸಿ ಬಸ್ ಹಿಡಿದು ಜಿಲ್ಲಾ ಕೇಂದ್ರದ ಗ್ರಂಥಾಲಯಕ್ಕೆ ಬರುವವಳಿಗೂ ಕಾರು ಒಂದೇ ಅಲ್ಲ. ರ‍್ಯಾಂಕ್ ಪಟ್ಟಿ ಇದನ್ನು ತೋರಿಸುವುದಿಲ್ಲ. ಹಾಗೆಂದು ಸೋತಾಗಲೆಲ್ಲ ನೆಲದ ಮೇಲೆ ಹಾಕುವುದೂ ಸರಿಯಲ್ಲ. ಕಳೆದ ಬಾರಿ ನಾನು ಕಟ್ಆಫ್ ತಪ್ಪಿಸಿಕೊಂಡಾಗ ಕೋಚಿಂಗ್ ಇಲ್ಲದ್ದನ್ನೇ ಹೇಳಿಕೊಂಡು ತಿರುಗಿದೆ. ನನ್ನ ಪಕ್ಕದ ಹಾಸಿಗೆಯವನಿಗೂ ಕೋಚಿಂಗ್ ಇರಲಿಲ್ಲ. ಅದೇ ನೋಟ್ಸ್, ಅದೇ ಲೈಬ್ರರಿ, ಅದೇ ಮುದ್ದೆ. ಅವನು ಪಾಸಾದ. ಟೀಂಮೇಟ್ ಲೆಕ್ಕ ಕಹಿಯಾಗಿರುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ಅಣ್ಣನ ವಿಷಯಕ್ಕೆ ಬರುತ್ತೇನೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದಲೂ. ಆರಕ್ಕೆ ಮುಂಚೆ ಮದ್ದೂರು ಚೆಕ್‌ಪೋಸ್ಟ್‌ನಲ್ಲಿ ತರಕಾರಿ ಗಾಡಿಗಳ ಸಾಲು. ಗೇಟ್ ತೆಗೆದ ಮೇಲೂ ಅದು ರೇಸ್ ಅಲ್ಲ. ಕಾಡಿನೊಳಗೆ ಹಂಪ್‌ಗಳಿವೆ, ಜಿಂಕೆ ದಾಟುತ್ತವೆ, ಆನೆ ನಿಂತಿರುತ್ತದೆ. (ವಾರಾಂತ್ಯದಲ್ಲಿ ಊಟಿಗೆ ಹಾರುವ ಬೈಕಿನವರಿಗೆ ಇದು ಗೊತ್ತಿಲ್ಲ.) ಅಣ್ಣನ ಮಾಲೀಕರ ಹತ್ತಿರ ಒಂದೇ ಮಾಡೆಲ್ಲಿನ ಎರಡು ಪಿಕಪ್ ಇವೆ. ಅಣ್ಣ ಓಡಿಸುವ ಗಾಡಿಯ ಕ್ಲಚ್ ಹೆಚ್ಚು ದಿನ ಬರುತ್ತದೆ, ಡೀಸೆಲ್ ಕಡಿಮೆ ಕುಡಿಯುತ್ತದೆ, ಟೊಮೆಟೊ ಕ್ರೇಟ್ ನಜ್ಜಾಗದೆ ಇಳಿಯುತ್ತದೆ. ಇದು ಮಾಲೀಕರಿಗೂ ಗೊತ್ತು. ಸ್ವಂತ ಗಾಡಿಗೆ ಸಾಲ ಕೇಳಲು ಹೋದಾಗ ಮಾತ್ರ ಇದ್ಯಾವುದನ್ನೂ ಬರೆಯುವ ಕಾಲಂ ಅರ್ಜಿಯಲ್ಲಿರಲಿಲ್ಲ. ಜಾಮೀನು ಯಾರದು ಎಂದಷ್ಟೇ ಕೇಳಿದರು.

ಬೆಳಿಗ್ಗೆ ಹೊರಡುವ ಮುಂಚೆ ಅವನಿಗೆ ರಸೆಲ್ ಕಥೆ ಹೇಳಿದೆ. ಚಿಕ್ಕ ಶೂ ಹಾಕಿಕೊಂಡದ್ದಕ್ಕೆ ನಕ್ಕ. ತಪ್ಪು ಟೈರ್ ಹಾಕಿದ್ದಕ್ಕೆ ಮೆಕ್ಯಾನಿಕ್‌ಗಳನ್ನು ಬೈದ.

‘ಆ ಒಳ್ಳೇ ಗಾಡಿ ಎಷ್ಟ್ ದಿನ ಕೊಟ್ಟಿದ್ರು ಅವ್ನಿಗೆ?’ ಅಂದ.

‘ಒಂದೇ ರೇಸ್, ಅಣ್ಣ.’

‘ಒಂದ್ ಸಲನಾದ್ರೂ ಕೊಟ್ರಲ್ಲ ಬುಡು’ ಅಂದು, ಟವಲ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದ.