ಕುಂಚಕ್ಕೆ ಗಡಿಯುಂಟೆ?

ಕಲಾವಿದರು ರಾಜಕೀಯದ ಕೆಸರಿಗಿಳಿದುದರಿಂದಲೇ ಕೊರಿಯಾದ ಚಿತ್ರಕಲೆ ಇಬ್ಭಾಗವಾಯಿತೆಂದು ಹೇಳುವ ಮಹನೀಯರುಂಟು. ಮಾತು ಕಿವಿಗೆ ಇಂಪಾಗಿದೆ. ಒರೆಗಲ್ಲಿಗೆ ಹಚ್ಚಿದರೆ ನಿಲ್ಲದು.

1922ರಿಂದ 1944ರ ವರೆಗೆ ಆ ನಾಡಿನ ಚಿತ್ರಕಾರನಿಗೆ ಕೀರ್ತಿಯ ಹೆಬ್ಬಾಗಿಲಾಗಿದ್ದುದು ಜಪಾನೀ ಸರಕಾರವು ನಡೆಯಿಸುತ್ತಿದ್ದ ಕಲಾಪ್ರದರ್ಶನ. ಬಹುಮಾನವನ್ನು ಕೊಡುವವನೂ ಅಭಿರುಚಿಯನ್ನು ಗೊತ್ತುಮಾಡುವವನೂ ಆಳುವವನೇ. ಹೀಗಿರಲು, 1945ರಲ್ಲಿ ರಾಜಕೀಯವು ಕಲೆಯ ಮನೆಗೆ ಹೊಸದಾಗಿ ನುಗ್ಗಿತೆನ್ನುವುದೆಂತು? ಅದು ಮೊದಲೇ ನಡುಮನೆಯಲ್ಲಿ ಕುಳಿತಿತ್ತು.

1945ನೆಯ ಆಗಸ್ಟ್ 15ರಂದು ಪರರ ಆಳಿಕೆ ಕೊನೆಗಂಡಿತು. ಮೂರೇ ದಿನಗಳಲ್ಲಿ ಹಿರಿಯ ಚಿತ್ರಕಾರ ಕೋ ಹುಯಿ-ದೊಂಗರ ಮುಂದಾಳುತನದಲ್ಲಿ ಬಹುಮಂದಿ ಕಲಾವಿದರು ಸಿಯೋಲ್ ನಗರದಲ್ಲಿ ಒಂದೇ ಸಂಸ್ಥೆಯಾಗಿ ಕೂಡಿದರು. ವರ್ಷ ಮುಗಿಯುವ ಮೊದಲೇ ಅದು ಮುರಿದು, ಅವರ ಅಧ್ಯಕ್ಷತೆಯಲ್ಲಿಯೇ ಬೇರೊಂದು ಸಂಘವಾಯಿತು. 1946ರಲ್ಲಿ ಎಡಪಂಥದವರು ತಮ್ಮ ಒಕ್ಕೂಟಗಳನ್ನು ಕಟ್ಟಿಕೊಂಡರು. 1947ರಲ್ಲಿ ಯಿ ಕ್ವೇ-ದೆ ಮೊದಲಾದವರು ಇನ್ನೊಂದು ಸಂಘವನ್ನು ತೆರೆದರು. ಬಹುಕಾಲ ಕಟ್ಟಿದ್ದ ಬಾಯಿಗಳು ಬಿಚ್ಚಿದಾಗ ಎಲ್ಲವೂ ಒಂದೇ ರಾಗವನ್ನು ಹಾಡಬೇಕೆಂದು ಬಯಸುವುದು ನ್ಯಾಯವೆ? ಅಭಿಪ್ರಾಯಭೇದವು ಜೀವಕಳೆಯ ಗುರುತು, ರೋಗವಲ್ಲ.

ರೋಗ ಬಂದುದು ಬೇರೆಡೆಯಿಂದ. 1948ರಲ್ಲಿ ಒಂದೇ ನಾಡಿನಲ್ಲಿ ಎರಡು ರಾಜ್ಯಗಳೆದ್ದವು. 1950ರಲ್ಲಿ ಯುದ್ಧ ಹೊತ್ತಿತು. ಸೆರೆಸಿಕ್ಕಿದ ಯಿ ಕ್ವೇ-ದೆ 1953ರ ಕೈದಿಗಳ ವಿನಿಮಯದಲ್ಲಿ ಉತ್ತರಕ್ಕೆ ಹೋದರು. ಅಷ್ಟರಿಂದಲೇ ದಕ್ಷಿಣದಲ್ಲಿ ಅವರ ಹೆಸರು ನಿಷಿದ್ಧವಾಯಿತು. 1948ರಲ್ಲಿ ಅವರು ಬರೆದ ಜನಸಮೂಹದ ಮಹಾಚಿತ್ರಗಳಲ್ಲಿ ಒಬ್ಬರನ್ನೊಬ್ಬರು ತಬ್ಬಿ, ತಳ್ಳಿ, ಮೇಲೇಳುವ ಮೈಗಳಿವೆ. ಅವುಗಳಲ್ಲಿ ಉತ್ತರವೆಲ್ಲಿ, ದಕ್ಷಿಣವೆಲ್ಲಿ? ಆದರೂ ಸಿಯೋಲಿನಲ್ಲುಳಿದ ಅವರ ಪತ್ನಿ ಗಂಡನ ಕೃತಿಗಳನ್ನು ಮನೆಯಲ್ಲಿ ಬಚ್ಚಿಟ್ಟು ಕಾಯಬೇಕಾಯಿತು. ಚಿತ್ರಕಾರರು 1965ರಲ್ಲಿ ತೀರಿಕೊಂಡರು. ನಿಷೇಧ ತೆರವಾದುದು 1988ರಲ್ಲಿ.

ಉತ್ತರದವರು ಇದನ್ನು ಕಂಡು ಹಿಗ್ಗಬೇಕಾದುದಿಲ್ಲ. ಅಲ್ಲಿ ಕುಂಚವು ಪಕ್ಷದ ಊಳಿಗಕ್ಕೆ ನಿಂತಿತು. ಒಂದು ಕಡೆ ಚಿತ್ರಕಾರನ ಹೆಸರನ್ನು ಅಳಿಸಿದರು, ಇನ್ನೊಂದು ಕಡೆ ಅವನ ಕೈಯನ್ನು ಕಟ್ಟಿದರು.

ಸಂಘಗಳು ಒಡೆದರೆ ಮರಳಿ ಕೂಡಬಹುದು. ಜಗಳವಾಡಿದವರು ಒಂದೇ ಭಿತ್ತಿಯ ಮೇಲೆ ತಂತಮ್ಮ ಚಿತ್ರಗಳನ್ನು ತೂಗಹಾಕಬಹುದು. ಆದರೆ ಕೃತಿಯನ್ನು ನೋಡದೆ, ಕರ್ತೃವಿನ ಮನೆ ಗಡಿಯ ಯಾವ ಬದಿಗಿದೆಯೆಂದು ನೋಡುವ ವಿಮರ್ಶೆಯು ವಿಮರ್ಶೆಯಲ್ಲ, ಪೋಲೀಸರ ಪಂಚನಾಮೆ. ಕೊರಿಯಾದ ಕಲೆಯನ್ನು ಸೀಳಿದ ಹೊಣೆಯನ್ನು ಕಲಾವಿದರ ಕದನಕ್ಕೆ ಹೊರಿಸುವವರು ಈ ಪಂಚನಾಮೆಯನ್ನು ಒಮ್ಮೆ ಓದಿಕೊಳ್ಳಲಿ.