ನಾಮಿನಿ ಯಾರು?

ಪತ್ತೇದಾರಿ ಕಾದಂಬರಿಯನ್ನು ಓದಲು ಪ್ಯಾಸೆಂಜರ್ ಗಾಡಿಗಿಂತ ಪ್ರಶಸ್ತವಾದ ತಾಣವನ್ನು ನಾನು ಕಾಣೆ. ಬೆಂಗಳೂರಿನಲ್ಲಿ ಗಾಡಿ ಹೊರಡುವಾಗ ಕೊಲೆಯಾಗಿರಬೇಕು. ತುಮಕೂರು ದಾಟುವ ಹೊತ್ತಿಗೆ ನಿರಪರಾಧಿಯೊಬ್ಬನ ಮೇಲೆ ಸಂಶಯ ಬಂದಿರಬೇಕು. ಗುಬ್ಬಿಯಾದ ಮೇಲೆ ನಮ್ಮ ನಿಟ್ಟೂರು ಬರುವುದರೊಳಗಾಗಿ ಕೊಲೆಗಾರ ಸಿಕ್ಕಿಬೀಳಬೇಕು. ೧೯೫೨ರಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ಆರಂಭಿಸಿ ಐದುನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರಿಗೆ ಈ ಲೆಕ್ಕಾಚಾರ ಚೆನ್ನಾಗಿ ಕರಗತವಾಗಿತ್ತು.

ಆದರೆ ನಾನು ಓದಿದ ಕನ್ನಡ ಪತ್ತೇದಾರಿ ಕಥೆಗಳಲ್ಲಿ ಗಂಡಸನ್ನು ಪ್ರೀತಿಸುವ ಗಂಡಸು ಪತ್ತೇದಾರನಾಗಿಯೂ ಬರಲಿಲ್ಲ, ಕಳ್ಳನಾಗಿಯೂ ಬರಲಿಲ್ಲ. ಅಮೆರಿಕದ ‘ನ್ವಾರ್’ ಕಾದಂಬರಿಗಳಲ್ಲಿ, ಎಂದರೆ ಕತ್ತಲ ಬೀದಿ, ಲಂಚಕೋರ ಪೊಲೀಸು, ಒಂಟಿ ಪತ್ತೇದಾರ ಇವರ ಕಥೆಗಳಲ್ಲಿ, ಅವನು ಬಂದನು. ಬಂದದ್ದು ಮಾತ್ರ ಕೆಟ್ಟ ವೇಷದಲ್ಲಿ. ರೇಮಂಡ್ ಚಾಂಡ್ಲರನ ‘ದಿ ಬಿಗ್ ಸ್ಲೀಪ್’ (೧೯೩೯) ಕಾದಂಬರಿಯ ಗೈಗರ್, ಅಶ್ಲೀಲ ಪುಸ್ತಕಗಳ ವ್ಯಾಪಾರಿ, ಅಂಥವನು. ಪತ್ತೇದಾರ ಮಾರ್ಲೋಗೆ ಅವನ ಬಗ್ಗೆ ಇರುವುದು ತಿರಸ್ಕಾರವೊಂದೇ. ಬೆದರಿಸಿ ಹಣ ಕೀಳುವವನಿಗೆ ಬೇಕಾದ ಆಯುಧವನ್ನು ಆ ದಿನಗಳಲ್ಲಿ ಕಾನೂನೇ ಕೈಗಿತ್ತಿತ್ತು: ಗುಟ್ಟು ಹೊರಬಿದ್ದರೆ ಸೆರೆಮನೆ. ನಮ್ಮಲ್ಲಿಯೂ ೧೮೬೦ರ ದಂಡಸಂಹಿತೆಯ ೩೭೭ನೆಯ ಕಲಮಿನ ಆ ಭಯವನ್ನು, ವಯಸ್ಕರ ಒಪ್ಪಿಗೆಯ ಸಂಬಂಧಗಳ ಮಟ್ಟಿಗೆ, ಸುಪ್ರೀಂ ಕೋರ್ಟು ತೆಗೆದುಹಾಕಿದ್ದು ೨೦೧೮ರ ಸೆಪ್ಟೆಂಬರ್ ೬ರಂದು.

ಆ ಕೆಟ್ಟ ವೇಷವನ್ನು ಕಳಚಿಸಿದವನು ಜೋಸೆಫ್ ಹ್ಯಾನ್ಸೆನ್. ೧೯೭೦ರ ‘ಫೇಡೌಟ್’ ಕಾದಂಬರಿಯ ಡೇವ್ ಬ್ರಾಂಡ್‌ಸ್ಟೆಟರ್ ಕ್ಯಾಲಿಫೋರ್ನಿಯಾದ ವಿಮಾ ತನಿಖೆದಾರ. ಸಾವಿನ ಕ್ಲೇಮುಗಳನ್ನು ಪರೀಕ್ಷಿಸುವುದು ಅವನ ಕೆಲಸ. ಮಳೆಯಲ್ಲಿ ಸೇತುವೆಯಿಂದ ಕಾರು ಉರುಳಿದೆ, ಹೆಣ ಸಿಕ್ಕಿಲ್ಲ. ವಿಚಾರಿಸಲು ಹೊರಟವನ ಸ್ವಂತ ಮನೆಯಲ್ಲಿಯೂ ಸೂತಕ: ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜೊತೆಗಿದ್ದ ರಾಡ್ ಕ್ಯಾನ್ಸರಿನಿಂದ ತೀರಿಕೊಂಡಿದ್ದಾನೆ. ಆ ದುಃಖವನ್ನು ಹ್ಯಾನ್ಸೆನ್, ಪತ್ನಿಯನ್ನು ಕಳೆದುಕೊಂಡ ಯಾವನೇ ಗಂಡನ ದುಃಖದಂತೆ, ಸಮಜಾಯಿಷಿಯಿಲ್ಲದೆ ಬರೆದ. ೧೯೯೧ರ ವರೆಗೆ ಹನ್ನೆರಡು ಕಾದಂಬರಿಗಳಾದವು.

ವಿಮೆಯ ತನಿಖೆ ಎಂಬುದು ಜಾಣ ಆಯ್ಕೆ. ಪಿಸ್ತೂಲು ಬೇಡ, ಪಾಲಿಸಿಯ ಕಾಗದವೇ ಸಾಕು. ಸತ್ತವನು ಯಾರನ್ನು ತನ್ನವರೆಂದು ತಿಳಿದಿದ್ದನೆಂಬುದನ್ನು ನಾಮಿನಿಯ ಹೆಸರು ಹೇಳಿಬಿಡುತ್ತದೆ.

ಇಂಥ ಕಥೆ ನಿಟ್ಟೂರಿನಲ್ಲಿ ನಡೆಯಲಾರದೆ? ಎರಡು ಕೋಣೆಯ ಮನೆಯಲ್ಲಿ ಇಬ್ಬರು ಗಂಡಸರು. ಊರಿನವರ ಬಾಯಲ್ಲಿ ‘ಸ್ನೇಹಿತರು’. ಒಬ್ಬನು ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗುತ್ತಾನೆ. ಪಾಲಿಸಿಯಲ್ಲಿ ಇನ್ನೊಬ್ಬನ ಹೆಸರು. ತಂದೆತಾಯಿ, ಪತಿಪತ್ನಿ, ಮಕ್ಕಳು ನಾಮಿನಿಗಳಾಗಿದ್ದರೆ ಹಣ ಅವರದೇ ಎನ್ನುತ್ತದೆ ವಿಮಾ ಕಾಯಿದೆಯ ೨೦೧೫ರ ತಿದ್ದುಪಡಿ. ಸ್ನೇಹಿತನಿಗೆ ಆ ಭರವಸೆಯಿಲ್ಲ. ಇಂಥವರ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟು ೨೦೨೩ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲವಾದ್ದರಿಂದ, ‘ಸಂಬಂಧ’ ಎಂಬಲ್ಲಿ ಬೇರೇನು ತಾನೆ ಬರೆದಾನು? ಸತ್ತವನ ಅಣ್ಣ ಬಂದು ಬಾಗಿಲು ತಟ್ಟುತ್ತಾನೆ. ಹಣ ಬಿಟ್ಟುಕೊಡದಿದ್ದರೆ ಬೀದಿಗೆಳೆಯುತ್ತೇನೆ ಎನ್ನುತ್ತಾನೆ. ಸೆರೆಮನೆಯ ಹೆದರಿಕೆ ಹೋಗಿದೆ. ಬೀದಿಯ ಹೆದರಿಕೆ ಹೋಗಿಲ್ಲ. ತನಿಖೆಗೆ ಬಂದವನು ಒಂದೇ ಗೂಟಕ್ಕೆ ನೇತುಹಾಕಿದ ಎರಡು ಅಂಗಿಗಳನ್ನು ನೋಡುತ್ತಾನೆ. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವನ ಮನೆಯ ಗೂಟವೂ ಅಂಥದೇ.

ವಸುಧೇಂದ್ರರು ‘ಮೋಹನಸ್ವಾಮಿ’ಯಲ್ಲಿ (೨೦೧೩) ಇಂಥ ಬದುಕನ್ನು ಕನ್ನಡದ ಸಣ್ಣಕಥೆಗೆ ತಂದಾಗಿದೆ. ಪತ್ತೇದಾರಿ ಬರೆಯುವವರು ಏಕೆ ಹಿಂಜರಿಯಬೇಕು? ಅಂಥ ಕಾದಂಬರಿ ಕೈಗೆ ಸಿಕ್ಕರೆ ನಿಟ್ಟೂರಿನಲ್ಲಿ ಇಳಿಯುವುದನ್ನು ಮರೆತು ಸಂಪಿಗೆ ರೋಡಿನವರೆಗೂ ಹೋಗಲು ನಾನಂತೂ ಸಿದ್ಧನಿದ್ದೇನೆ.